ಡಾರ್ಕ್ ಸೈಡ್ ಆಫ್ ದಿ ಮೂನ್: ಯಾವುದನ್ನು ಕೇಳೋದು, ಯಾವುದಕ್ಕೆ ದುಡ್ಡು ಹಾಕೋದು?

ಆ್ಯಪ್‌ನಲ್ಲಿ 'ಡಾರ್ಕ್ ಸೈಡ್ ಆಫ್ ದಿ ಮೂನ್' ಅಂತ ಹುಡುಕಿದರೆ ಈಗ ಒಂದಲ್ಲ, ಸಾಲಾಗಿ ಐದಾರು ಆಲ್ಬಂ ಬರುತ್ತವೆ. ಬ್ರಿಟನ್ನಿನ ರಾಕ್ ತಂಡ ಪಿಂಕ್ ಫ್ಲಾಯ್ಡ್‌ನವರ 1973ರ ಮೂಲ ಇದೆ. ಅದರದೇ 50ನೇ ವರ್ಷದ ಆವೃತ್ತಿ ಇದೆ. ವೆಂಬ್ಲಿಯ ವೇದಿಕೆಯಲ್ಲಿ ನುಡಿಸಿದ ಲೈವ್ ಇದೆ, ಜಮೈಕಾದ ರೆಗ್ಗೆ ಶೈಲಿಯದ್ದೂ ಇದೆ. ಇವೆಲ್ಲದರ ಜೊತೆಗೆ, ಮೊದಲು ಆ ತಂಡದಲ್ಲಿದ್ದ ರೋಜರ್ ವಾಟರ್ಸ್ 2023ರಲ್ಲಿ ತಾವೇ ಹೊಸದಾಗಿ ಹಾಡಿ ಬಿಡುಗಡೆ ಮಾಡಿದ 'ರಿಡಕ್ಸ್' ಇದೆ. ಕಳೆದ ವಾರ ತಂಗಿಯ ಮಗ ಫೋನ್ ಮಾಡಿದ್ದ. "ಮಾವ, ಹಾಡು ಬರೆದವರೇ ಮತ್ತೆ ಮಾಡಿದ್ದಾರೆ, ರೆಕಾರ್ಡಿಂಗೂ ಹೊಸದು. ಹಾಗಿದ್ರೆ ಇದನ್ನೇ ಕೇಳಬೇಕು ಅಲ್ವಾ?" ಅಂದ. ಕಾಲೇಜಿಗೆ ಹೋಗುವ ಹುಡುಗ, ಫ್ಲಾಯ್ಡ್ ಕೇಳಲು ಹೊರಟಿರೋದೇ ಮೊದಲ ಸಲ. ಬೇಡ, ಅದರಿಂದ ಮಾತ್ರ ಶುರು ಮಾಡಬೇಡ ಅಂದೆ. ಯಾಕೆ ಅಂತ ಅವನಿಗೆ ಹೇಳುತ್ತಾ ಹೋದಂತೆ ಅರ್ಧ ಗಂಟೆ ಆಯಿತು. ಇನ್ನೂ ಒಂದಿಬ್ಬರು ಇದನ್ನೇ ಕೇಳಿದ್ದಾರೆ, ಅದಕ್ಕೇ ಬಿಡಿಸಿ ಬರೆಯುತ್ತಿದ್ದೇನೆ.

ಆರಿಸುವ ಮೊದಲು ನಾಲ್ಕು ವಿಷಯ ನೋಡಬೇಕು. ನೀವು ಇದನ್ನು ಮೊದಲ ಸಲ ಕೇಳುತ್ತಿದ್ದೀರಾ, ಇಲ್ಲಾ ನೂರು ಸಲ ಕೇಳಿ ಬಾಯಿಪಾಠ ಆಗಿದೆಯಾ, ಅದು ಒಂದು. ಮತ್ತೆ ಮಾಡಿದವರ ಹತ್ತಿರ ಹೇಳೋಕೆ ಹೊಸ ಮಾತು ಇದೆಯಾ, ಇಲ್ಲಾ ಹಳೆಯ ಹೆಸರು ಮಾತ್ರ ಇದೆಯಾ, ಅದು ಎರಡನೆಯದು. ಯಾವುದರಲ್ಲಿ ಕೇಳುತ್ತೀರಿ, ಎಷ್ಟು ಖರ್ಚು ಮಾಡಬಲ್ಲಿರಿ ಅನ್ನೋದು ಮೂರನೆಯದು. ನನಗೆ ಎಲ್ಲಕ್ಕಿಂತ ಮುಖ್ಯವಾದದ್ದು ನಾಲ್ಕನೆಯದು. ಈ ಆಲ್ಬಂನಲ್ಲಿ ಮಾತೇ ಇಲ್ಲದ ಜಾಗ ತುಂಬಾ ಇದೆ. ಹತ್ತು ತುಣುಕುಗಳಲ್ಲಿ ನಾಲ್ಕಕ್ಕೆ ಸಾಹಿತ್ಯವೇ ಇಲ್ಲ. ಹೊಸದಾಗಿ ಮಾಡಿದವರು ಆ ಖಾಲಿ ಜಾಗವನ್ನು ಏನು ಮಾಡಿದ್ದಾರೆ ಅಂತ ನೋಡಿದರೆ ಆ ಆಲ್ಬಂ ಹೇಗಿದೆ ಅಂತ ಮುಕ್ಕಾಲು ಪಾಲು ಗೊತ್ತಾಗಿಬಿಡುತ್ತದೆ.

ಮೊದಲು ಮೂಲದ್ದು. ಉಳಿದದ್ದನ್ನೆಲ್ಲ ಇದರ ಪಕ್ಕ ಇಟ್ಟೇ ನೋಡಬೇಕು.

1972ರಲ್ಲಿ ಇವರು ಈ ಹಾಡುಗಳನ್ನು ವೇದಿಕೆ ಮೇಲೆ ನುಡಿಸುತ್ತಾ ತಿದ್ದುತ್ತಾ ಹದಕ್ಕೆ ತಂದರು. ಜೊತೆಜೊತೆಗೇ ಲಂಡನ್ನಿನ ಆಬಿ ರೋಡ್ ಸ್ಟುಡಿಯೋದಲ್ಲಿ ರೆಕಾರ್ಡಿಂಗ್ ಕೂಡ ನಡೆಯಿತು. ಎಂಜಿನಿಯರ್ ಅಲನ್ ಪಾರ್ಸನ್ಸ್. 1973ರ ಮಾರ್ಚ್‌ನಲ್ಲಿ ಆಲ್ಬಂ ಬಂತು, ಒಟ್ಟು 43 ನಿಮಿಷ. 'ಮನಿ' ಹಾಡು ಶುರುವಾಗುವಾಗ ಕೇಳುವ ಚಿಲ್ಲರೆ ಕಾಸಿನ ಸದ್ದು, ಹರಿದ ಕಾಗದದ ಸದ್ದು, ಗಲ್ಲಾಪೆಟ್ಟಿಗೆಯ ಟಣ್ ಅನ್ನುವ ಸದ್ದು, ಇವೆಲ್ಲವನ್ನೂ ಟೇಪಿನ ಮೇಲೆ ಹಿಡಿದು, ಸ್ಕೇಲ್ ಇಟ್ಟು ಅಳೆದು, ಕತ್ತರಿಸಿ, ಅಂಟಿಸಿ ಒಂದು ಸುತ್ತು ಮಾಡಿದರು. ಆ ಸುತ್ತಿಗೆ ಏಳು ಎಣಿಕೆ. ಮಿಶ್ರ ಛಾಪು ಗೊತ್ತಿರುವವರಿಗೆ ಏಳರ ನಡೆ ಹೊಸದಲ್ಲ, ಆದರೆ ರಾಕ್ ಹಾಡಿನಲ್ಲಿ ಅದು ಅಪರೂಪ. ಗಿಟಾರ್ ಸೋಲೊ (ಗಿಟಾರ್ ಒಂದೇ ಮುಂದೆ ಬಂದು ನುಡಿಯುವ ಭಾಗ) ಬಂದಾಗ ನಡೆ ನಾಲ್ಕಕ್ಕೆ ತಿರುಗುತ್ತದೆ. ಆ ತಿರುವಿನಲ್ಲಿ ಕಾಲು ತಾನಾಗಿ ಹೊರಳುತ್ತದೆ, ಕೇಳಿ ನೋಡಿ.

ಇನ್ನು 'ದಿ ಗ್ರೇಟ್ ಗಿಗ್ ಇನ್ ದಿ ಸ್ಕೈ'. ಕೀಬೋರ್ಡ್ ನುಡಿಸುತ್ತಿದ್ದ ರಿಚರ್ಡ್ ರೈಟ್ ಮಾಡಿದ ರಾಗ, ವಿಷಯ ಸಾವು. 1973ರ ಜನವರಿಯ ಒಂದು ಭಾನುವಾರ ಕ್ಲೇರ್ ಟೋರಿ ಅನ್ನುವ ಗಾಯಕಿಯನ್ನು ಕರೆಸಿದರು. ಪದ ಇಲ್ಲ, ಹಾಡಿ ಅಂದರು. ಅವರು ತಮ್ಮ ದನಿಯನ್ನೇ ಒಂದು ವಾದ್ಯ ಅಂದುಕೊಂಡು ಹಾಡಿದರು. ಕೂಲಿ 30 ಪೌಂಡ್. ಎಷ್ಟೋ ವರ್ಷ ಆದಮೇಲೆ ಅವರು ಕೋರ್ಟಿಗೆ ಹೋದರು, 2005ರಲ್ಲಿ ರಾಜಿಯಾಯಿತು, ಈಗ ಆ ಹಾಡನ್ನು ಕಟ್ಟಿದವರ ಸಾಲಿನಲ್ಲಿ ರೈಟ್ ಜೊತೆಗೆ ಅವರ ಹೆಸರೂ ಇದೆ. ಅದು ನ್ಯಾಯವೇ. ಆ ನಾಲ್ಕು ಮುಕ್ಕಾಲು ನಿಮಿಷದಲ್ಲಿ ದನಿ ಮೊದಲು ಚೀರುತ್ತದೆ, ಆಮೇಲೆ ಜಗ್ಗಾಡುತ್ತದೆ, ಕೊನೆಗೆ ಸೋತು ಉಸಿರಿನಷ್ಟು ಸಣ್ಣಗಾಗುತ್ತದೆ. ಒಂದೇ ಒಂದು ಪದ ಇಲ್ಲದೆ ಸಾಯುವ ಭಯ, ಕೊಸರಾಟ, ಒಪ್ಪಿಕೊಳ್ಳುವಿಕೆ ಎಲ್ಲ ಬಂದುಹೋಗುತ್ತವೆ. ನಮ್ಮಲ್ಲಿ ಒಳ್ಳೆಯ ಆಲಾಪ ಕೇಳುವಾಗ ಆಗುವುದೂ ಇದೇ ಅಲ್ವಾ? ಪದಕ್ಕೆ ಕಾಯುವುದನ್ನು ಮನಸ್ಸು ಬಿಟ್ಟುಬಿಡುತ್ತದೆ.

ಈಗ ರಿಡಕ್ಸ್‌ಗೆ ಬರೋಣ. ಇದರ ಬಗ್ಗೆ ಸ್ವಲ್ಪ ಜಾಸ್ತಿ ಬರೆಯುತ್ತೇನೆ, ಯಾಕೆಂದರೆ ಜನ ಮೋಸ ಹೋಗೋದು ಇಲ್ಲೇ.

2023ರ ಅಕ್ಟೋಬರ್ 6ಕ್ಕೆ ಇದು ಬಂತು. ಅದಕ್ಕೆ ಸರಿಯಾಗಿ ಒಂದು ತಿಂಗಳ ಹಿಂದೆ ವಾಟರ್ಸ್‌ಗೆ 80 ತುಂಬಿತ್ತು. ನಾನು ಕಾದು ಕೂತಿದ್ದವನು. 2002ರಲ್ಲಿ ಅವರು ಬೆಂಗಳೂರಿಗೆ ಬಂದು ಅರಮನೆ ಮೈದಾನದಲ್ಲಿ ಹಾಡಿದಾಗ ಜನರ ನಡುವೆ ನಿಂತು ಕೇಳಿದ್ದೆ. ಫ್ಲಾಯ್ಡ್‌ನಲ್ಲಿ ಡೇವಿಡ್ ಗಿಲ್ಮೋರ್ ನುಡಿಸುತ್ತಿದ್ದ ಗಿಟಾರ್ ಭಾಗಗಳನ್ನು ಅವತ್ತು ಬೇರೆಯವರು ನುಡಿಸಿದ್ದರು. ಅವು ತಾವು ನುಡಿಸಿದ್ದಲ್ಲ ಅಂತ ವಾಟರ್ಸ್ ಅವನ್ನು ಕೈಬಿಟ್ಟಿರಲಿಲ್ಲ. ಆ ರಾತ್ರಿಯ ಪ್ರೀತಿ ನನ್ನಲ್ಲಿ ಇನ್ನೂ ಹಾಗೇ ಇದೆ. ಆದ್ದರಿಂದ ರಿಡಕ್ಸ್ ಬಂದ ದಿನ ರಾತ್ರಿ ಊಟ ಮುಗಿಸಿ, ಮನೆಯವರೆಲ್ಲ ಮಲಗಿದ ಮೇಲೆ, ದೀಪ ಆರಿಸಿ ಹೆಡ್‌ಫೋನ್ ಹಾಕಿಕೊಂಡು ಕೂತೆ.

ಎದೆಬಡಿತ ಕೇಳಿಸಿತು. ಆಮೇಲೆ ಮಾತು ಶುರುವಾಯಿತು. 1972ರಲ್ಲಿ ಫ್ಲಾಯ್ಡ್ ಹಾಡಿದ್ದ ಇನ್ನೊಂದು ಹಾಡಿನ ಸಾಲುಗಳನ್ನು, ಮುಪ್ಪಿನಲ್ಲಿ ಬರುವ ನೆನಪುಗಳ ಬಗೆಗಿನ ಸಾಲುಗಳನ್ನು, ವಾಟರ್ಸ್ ಒಡೆದ ದನಿಯಲ್ಲಿ ಮೆಲ್ಲಗೆ ಹೇಳುತ್ತಾರೆ. ಚೆನ್ನಾಗಿಯೇ ಇತ್ತು. ಮುದುಕನೊಬ್ಬ ತನ್ನ ಹಳೆಯ ಕೆಲಸವನ್ನು ತಿರುಗಿ ನೋಡುತ್ತಿದ್ದಾನೆ, ಸರಿ, ಇದಕ್ಕೊಂದು ಕಾರಣ ಇದೆ ಅನ್ನಿಸಿತು. ಆದರೆ ಮಾತು ನಿಲ್ಲಲೇ ಇಲ್ಲ. 'ಆನ್ ದಿ ರನ್' ಮೂಲದಲ್ಲಿ ಸಿಂಥಸೈಜರ್‌ನ ಓಟ. ಇಲ್ಲಿ ಅದರ ಮೇಲೆ ತಮಗೆ ಬಿದ್ದ ಕನಸನ್ನು ಹೇಳುತ್ತಾರೆ. 'ಟೈಮ್'ನಲ್ಲಿ ಗಿಲ್ಮೋರ್‌ನ ಗಿಟಾರ್ ಬರಬೇಕಾದ ಜಾಗಕ್ಕೆ ಕಿವಿ ತಾನಾಗಿ ಕಾಯುತ್ತದೆ, ಆ ಸೋಲೊ ಬರುವುದಿಲ್ಲ. 'ಗ್ರೇಟ್ ಗಿಗ್'ನಲ್ಲಿ ಟೋರಿಯ ಆ ಚೀರು ಇಲ್ಲ, ಅದರ ಜಾಗದಲ್ಲಿ ಅಮೆರಿಕದ ಕವಿ ಡೊನಾಲ್ಡ್ ಹಾಲ್ ಅವರ ಕೊನೆಯ ದಿನಗಳ ಬಗೆಗಿನ ಪತ್ರವನ್ನು ಓದುತ್ತಾರೆ. ಪತ್ರ ಮನಸ್ಸು ಕಲಕುವಂಥದ್ದೇ. ಒಂದು ಲೇಖನವಾಗಿ ಓದಿದ್ದರೆ ಕಣ್ಣು ಒದ್ದೆಯಾಗುತ್ತಿತ್ತು. ಆದರೆ ಮೊದಲು ಯಾವ ಪದವೂ ಇಲ್ಲದೆ ನಮ್ಮ ನಮ್ಮ ಸಾವನ್ನು ನಾವೇ ಕೇಳಿಸಿಕೊಳ್ಳುತ್ತಿದ್ದ ಜಾಗ ಅದು. ಈಗ ಅಲ್ಲಿ ಒಬ್ಬರು ಕೂತು, ಒಬ್ಬರ ಸಾವಿನ ಬಗ್ಗೆ ನಮಗೆ ಹೇಳುತ್ತಿದ್ದಾರೆ.

ಈ ಬೇಸರ ಎಲ್ಲಿಂದ ಬಂತು ಅಂತ ಆಮೇಲೆ ಯೋಚಿಸಿದೆ. ಮೂಲ ಆಲ್ಬಂನ ಕವರ್ ತೆಗೆದು ಯಾರ್ಯಾರ ಹೆಸರು ಎಲ್ಲಿದೆ ಅಂತ ನೋಡಿದೆ. ಸಾಹಿತ್ಯ ಪೂರ್ತಿ ವಾಟರ್ಸ್ ಅವರದ್ದು, ಅದರಲ್ಲಿ ಎರಡು ಮಾತಿಲ್ಲ. ಆದರೆ ಸಾಹಿತ್ಯವಿಲ್ಲದ ಆ ನಾಲ್ಕು ತುಣುಕುಗಳನ್ನು ನೋಡಿ. 'ಸ್ಪೀಕ್ ಟು ಮಿ' ಡ್ರಮ್ಸ್ ನುಡಿಸುವ ನಿಕ್ ಮೇಸನ್ ಹೆಸರಿನಲ್ಲಿದೆ. 'ಗ್ರೇಟ್ ಗಿಗ್' ರೈಟ್ ಹೆಸರಿನಲ್ಲಿ. 'ಎನಿ ಕಲರ್ ಯು ಲೈಕ್' ಗಿಲ್ಮೋರ್, ಮೇಸನ್, ರೈಟ್ ಮೂವರ ಹೆಸರಿನಲ್ಲಿ. 'ಆನ್ ದಿ ರನ್' ಒಂದರಲ್ಲಿ ಮಾತ್ರ ಗಿಲ್ಮೋರ್ ಜೊತೆ ವಾಟರ್ಸ್ ಹೆಸರಿದೆ. ರಿಡಕ್ಸ್‌ನಲ್ಲಿ ಅವರು ಅತಿ ಹೆಚ್ಚು ಮಾತಾಡಿರುವುದು ಇವುಗಳ ಮೇಲೆಯೇ. ಉಳಿದ ಮೂವರು ಮಾತಿಲ್ಲದೆ ಹೇಳಿದ್ದನ್ನು ಮಾತಿನಿಂದ ತುಂಬಿದಾಗ ಆಲ್ಬಂನ ಅರ್ಧ ಜೀವವೇ ಹೋಗುತ್ತದೆ. ರೈಟ್ 2008ರಲ್ಲೇ ತೀರಿಕೊಂಡರು. ಅವರ ರಾಗದ ಮೇಲೆ ಪತ್ರ ಓದುವುದನ್ನು ಕೇಳುವಾಗ ನನಗೆ ನಿಜವಾಗಿಯೂ ನೋವಾಯಿತು.

ಹಾಗಂತ ರಿಡಕ್ಸ್‌ನಲ್ಲಿ ಏನೂ ಇಲ್ಲ ಅಂತಲ್ಲ. ಕೊನೆಯ ಎರಡು ಹಾಡು, 'ಬ್ರೈನ್ ಡ್ಯಾಮೇಜ್' ಮತ್ತು 'ಎಕ್ಲಿಪ್ಸ್', ಇಲ್ಲಿ ಗಟ್ಟಿಯಾಗಿ ನಿಂತಿವೆ. 1973ರಲ್ಲೂ ಇವೆರಡನ್ನು ಹಾಡಿದ್ದು ವಾಟರ್ಸೇ. ತಮ್ಮ ದನಿಗೇ ಬರೆದುಕೊಂಡ ಹಾಡು, 50 ವರ್ಷ ಆದಮೇಲೆ ಅದೇ ದನಿ ಮುಪ್ಪಾಗಿ ಬಂದಿದೆ, ಮರುಳಿನ ಭಯ ಈಗ ಇನ್ನೂ ಹತ್ತಿರ ಬಂದಂತಿದೆ. 'ಟೈಮ್', 'ಮನಿ', 'ಅಸ್ ಆ್ಯಂಡ್ ದೆಮ್' ಹಾಗಲ್ಲ. ಅವು ಗಿಲ್ಮೋರ್ ಮತ್ತು ರೈಟ್ ಅವರ ಗಂಟಲಿಗೆ ಒಗ್ಗಿದ ಹಾಡುಗಳು. ವಾಟರ್ಸ್ ಅವನ್ನು ಗೊಣಗುವ ದನಿಗೆ ಇಳಿಸಿಕೊಂಡು ಹೇಳಿದಾಗ ಹಾಡು ಏಳುವುದಿಲ್ಲ, ಅಲ್ಲೇ ಕೂತುಬಿಡುತ್ತದೆ. 'ಮನಿ'ಯಂಥ ಹಾಡನ್ನು ಇಷ್ಟು ನಿಧಾನ ಮಾಡಿದರೆ ಅದರ ಸಿಟ್ಟೇ ಹೋಗುತ್ತದೆ. ನುಡಿಸಿದವರು ಚೆನ್ನಾಗಿ ನುಡಿಸಿದ್ದಾರೆ, ತಂತಿವಾದ್ಯಗಳೂ, ಮುಟ್ಟದೆಯೇ ನುಡಿಸುವ ಥೆರೆಮಿನ್ ವಾದ್ಯವೂ ಹದವಾಗಿವೆ, ರೆಕಾರ್ಡಿಂಗ್ ಸ್ವಚ್ಛವಾಗಿದೆ. ಬೇಸರ ಅದರಿಂದಲ್ಲ.

ಆದ್ದರಿಂದ ರಿಡಕ್ಸ್ ಯಾರಿಗೆ? ಮೂಲ ಆಲ್ಬಂ ಚೆನ್ನಾಗಿ ಗೊತ್ತಿರುವವರಿಗೆ, ಸಾಹಿತ್ಯ ಇಷ್ಟಪಡುವವರಿಗೆ, ವಯಸ್ಸಾಗುವುದರ ಬಗ್ಗೆ ಒಬ್ಬರ ಮಾತು ಕೇಳುವ ತಾಳ್ಮೆ ಇರುವವರಿಗೆ. ಅವರೂ ಮೊದಲು ಆ್ಯಪ್‌ನಲ್ಲಿ ಒಂದು ಸಲ ಪೂರ್ತಿ ಕೇಳಿ ನೋಡಲಿ. ಹೊಸಬರಿಗೆ ಇದು ಬೇಡವೇ ಬೇಡ. ಇದನ್ನು ಮೊದಲು ಕೇಳಿದವರು "ಇಷ್ಟೇನಾ ಆ ದೊಡ್ಡ ಆಲ್ಬಂ?" ಅಂದುಕೊಂಡು ಮೂಲದ ಕಡೆ ತಿರುಗಿಯೂ ನೋಡದೆ ಹೋಗಬಹುದು. ನನ್ನ ದೊಡ್ಡ ಭಯ ಅದೇ.

ಹೊಸ ರೂಪ ಬೇಕೇಬೇಕು ಅನ್ನುವವರಿಗೆ ನಾನು ಕೊಡುವುದು 'ಡಬ್ ಸೈಡ್ ಆಫ್ ದಿ ಮೂನ್'. ನ್ಯೂಯಾರ್ಕಿನ ಈಸಿ ಸ್ಟಾರ್ ಆಲ್‌ಸ್ಟಾರ್ಸ್ 2003ರಲ್ಲಿ ಪೂರ್ತಿ ಆಲ್ಬಂ ಅನ್ನು ರೆಗ್ಗೆ ಮತ್ತು ಡಬ್ ಶೈಲಿಗೆ ತಂದರು. ಕೇಳಿದ ತಕ್ಷಣ ಇದು ತಮಾಷೆ ಇರಬೇಕು ಅನ್ನಿಸುತ್ತದೆ, ಅಲ್ಲ. ಡಬ್ ಅನ್ನೋದೇ ಖಾಲಿ ಜಾಗದ ಸಂಗೀತ. ಒಂದೊಂದೇ ವಾದ್ಯವನ್ನು ತೆಗೆದು, ಉಳಿದದ್ದಕ್ಕೆ ಪ್ರತಿಧ್ವನಿ ಕೊಟ್ಟು, ಬೇಸ್‌ಗೆ ಉಸಿರಾಡಲು ಬಿಡುತ್ತಾರೆ. ಹಾಗಾಗಿ ಮೂಲದ ಮಾತಿಲ್ಲದ ಜಾಗ ಇಲ್ಲಿ ಮಾತಿಲ್ಲದ ಜಾಗವಾಗಿಯೇ ಉಳಿದಿದೆ. ಕರ್ಸ್ಟಿ ರಾಕ್ ಅನ್ನುವ ಗಾಯಕಿ 'ಗ್ರೇಟ್ ಗಿಗ್' ಹಾಡಿದ್ದಾರೆ, ಟೋರಿಯ ನಕಲು ಮಾಡದೆ ಎದೆ ತುಂಬಿ ಹಾಡಿದ್ದಾರೆ. ಒಂದು ಮಾತು ಮಾತ್ರ ಗಮನದಲ್ಲಿರಲಿ. 'ಮನಿ'ಯಲ್ಲಿ ಕಾಸಿನ ಸದ್ದಿನ ಬದಲು ಗಾಂಜಾ ಸೇದುವ ಗುಳುಗುಳು ಸದ್ದೂ ಕೆಮ್ಮೂ ಇದೆ. ಮನೆಯಲ್ಲಿ ಮಕ್ಕಳ ಜೊತೆ ಕೂತು ಕೇಳುವವರಿಗೆ ಮೊದಲೇ ಗೊತ್ತಿರುವುದು ಒಳ್ಳೆಯದು. ಕಾರಿನಲ್ಲಿ ದೂರದ ಪ್ರಯಾಣ ಹೊರಟಾಗ ನಾನು ಹಾಕುವುದು ಇದನ್ನೇ. ಎಂಜಿನ್ ಸದ್ದಿನ ನಡುವೆ ಮೂಲ ಆಲ್ಬಂನ ಸಣ್ಣ ಸದ್ದುಗಳು ಕಳೆದುಹೋಗುತ್ತವೆ, ಡಬ್‌ನ ಬೇಸ್ ಕಳೆದುಹೋಗುವುದಿಲ್ಲ.

ಫ್ಲೇಮಿಂಗ್ ಲಿಪ್ಸ್ ತಂಡ 2009ರಲ್ಲಿ ಇನ್ನೊಂದು ತಂಡದ ಜೊತೆ ಸೇರಿ ಮಾಡಿದ್ದೂ ಇದೆ. ಒರಟು, ಗಲಾಟೆ, ಬೇಕಂತಲೇ ಒಡೆದ ಸದ್ದು. 'ಗ್ರೇಟ್ ಗಿಗ್'ನಲ್ಲಿ ಪೀಚಸ್ ಅನ್ನುವ ಗಾಯಕಿ ಕಿರುಚಿದ್ದಾರೆ. ಮೂಲವನ್ನು ಪೂಜೆ ಮಾಡದೆ ಒಡೆದು ನೋಡುವ ಧೈರ್ಯ ನನಗೆ ಇಷ್ಟ, ಆದರೆ ಎರಡನೇ ಸಲ ಕೇಳಬೇಕು ಅನ್ನಿಸಲಿಲ್ಲ. ಶಬ್ದದ ಪ್ರಯೋಗ ಇಷ್ಟ ಇರುವವರು ಒಮ್ಮೆ ಕೇಳಬಹುದು.

ಇನ್ನು ಲೈವ್. ಇಲ್ಲಿ ಎರಡರ ನಡುವೆ ಪೈಪೋಟಿ ಇದೆ, ಎರಡೂ ಒಳ್ಳೆಯವೇ.

1974ರ ನವೆಂಬರ್‌ನಲ್ಲಿ ಲಂಡನ್ನಿನ ವೆಂಬ್ಲಿಯ ಎಂಪೈರ್ ಪೂಲ್‌ನಲ್ಲಿ ನುಡಿಸಿದ್ದು ಒಂದು. ನಾಲ್ಕೂ ಜನ ಒಟ್ಟಿಗೆ ಇದ್ದಾರೆ. ಪೂರ್ತಿ ರೆಕಾರ್ಡಿಂಗ್ ಅಧಿಕೃತವಾಗಿ ಹೊರಬಂದದ್ದು 2011ರಲ್ಲಿ, ಬಿಡಿಯಾಗಿ ಸಿಗುವಂತಾಗಿದ್ದು 2023ರಲ್ಲಿ. 'ಎನಿ ಕಲರ್ ಯು ಲೈಕ್' ಇಲ್ಲಿ ಮೂಲಕ್ಕಿಂತ ತುಂಬಾ ಉದ್ದ, ಗಿಟಾರ್ ಮತ್ತು ಕೀಬೋರ್ಡ್ ಒಂದರ ಬೆನ್ನು ಹತ್ತಿ ಇನ್ನೊಂದು ಹೋಗುತ್ತದೆ. ಅಲ್ಲಲ್ಲಿ ದನಿ ಒರಟು. ಆದರೆ ಈ ಹಾಡುಗಳು ಇನ್ನೂ ಹೊಸದಾಗಿದ್ದಾಗ, ನಾಲ್ವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡು ನುಡಿಸುತ್ತಿದ್ದಾಗ ಹೇಗಿತ್ತು ಅನ್ನೋದು ಇದರಲ್ಲಿ ಸಿಗುತ್ತದೆ.

ಇನ್ನೊಂದು 'ಪಲ್ಸ್'. 1994ರ ಪ್ರವಾಸದ್ದು, 1995ರಲ್ಲಿ ಬಂತು. ಎರಡನೇ ಸಿಡಿಯಲ್ಲಿ ಡಾರ್ಕ್ ಸೈಡ್ ಪೂರ್ತಿ ಇದೆ. ವಾಟರ್ಸ್ ಅಷ್ಟು ಹೊತ್ತಿಗೆ ತಂಡ ಬಿಟ್ಟು ಎಷ್ಟೋ ವರ್ಷ ಆಗಿತ್ತು. ಅಂದರೆ ರಿಡಕ್ಸ್‌ಗೆ ಇದು ಸರಿಯಾಗಿ ಎದುರು: ಅಲ್ಲಿ ವಾಟರ್ಸ್ ಇದ್ದಾರೆ, ಉಳಿದ ಮೂವರಿಲ್ಲ, ಇಲ್ಲಿ ಮೂವರಿದ್ದಾರೆ, ವಾಟರ್ಸ್ ಇಲ್ಲ. ಎರಡನ್ನೂ ಕೇಳಿದರೆ ಯಾರು ಏನು ತಂದಿದ್ದರು ಅನ್ನೋದು ಬಿಡಿಬಿಡಿಯಾಗಿ ಗೊತ್ತಾಗುತ್ತದೆ. ಪಲ್ಸ್‌ನಲ್ಲಿ ಸದ್ದು ಭರ್ಜರಿ, ಗಿಲ್ಮೋರ್ ಸೋಲೊಗಳು ಅದ್ಭುತ, 'ಗ್ರೇಟ್ ಗಿಗ್' ಅನ್ನು ಮೂವರು ಗಾಯಕಿಯರು ಹಂಚಿಕೊಂಡು ಹಾಡಿದ್ದಾರೆ. ಸಾಹಿತ್ಯದ ಕಹಿ ಮಾತ್ರ ಸ್ವಲ್ಪ ತೆಳುವಾಗಿದೆ. 'ಬ್ರೈನ್ ಡ್ಯಾಮೇಜ್' ಬಂದಾಗ ವಾಟರ್ಸ್ ಇರಬೇಕಿತ್ತು ಅನ್ನಿಸದೆ ಇರುವುದಿಲ್ಲ. ಮನೆಯಲ್ಲಿ ದೊಡ್ಡ ಟಿವಿ, ಸ್ಪೀಕರ್ ಇರುವವರು ಇದರ ವಿಡಿಯೋನೇ ನೋಡಿ. ಬೆಳಕಿನ ಆಟ ನೋಡುವುದಕ್ಕೇ ಅರ್ಧ ಖುಷಿ.

ದುಡ್ಡಿನ ಲೆಕ್ಕಕ್ಕೆ ಬಂದರೆ, ಫೋನೂ ಒಂದು ಜೊತೆ ಇಯರ್‌ಫೋನೂ ಇರುವವರು ಇನ್ನೇನೂ ಕೊಳ್ಳಬೇಕಿಲ್ಲ. ಮೂಲ ಆಲ್ಬಂ ಹಾಕಿ. 2011ರ ರೀಮಾಸ್ಟರ್ (ಹಳೆಯ ರೆಕಾರ್ಡಿಂಗನ್ನೇ ಮತ್ತೆ ಹದ ಮಾಡಿದ್ದು) ಸಿಕ್ಕರೂ ಆಯಿತು, 2023ರದ್ದು ಸಿಕ್ಕರೂ ಆಯಿತು. ಸಾಧಾರಣ ಇಯರ್‌ಫೋನಿನಲ್ಲಿ ಎರಡಕ್ಕೂ ಇರುವ ವ್ಯತ್ಯಾಸ ನನ್ನ ಕಿವಿಗೆ ಸಿಕ್ಕಿಲ್ಲ, ಅದಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ಆ್ಯಪ್‌ನಲ್ಲಿ ಎರಡು ಸೆಟ್ಟಿಂಗ್ ಮಾತ್ರ ನೋಡಿ. ಶಫಲ್ ಆಫ್ ಇರಬೇಕು, ಹಾಡು ಹಾಡಿನ ನಡುವೆ ಬಿಡುವು ಬರದಂತೆ ಇರಬೇಕು. ಇಲ್ಲಿ ಒಂದು ಹಾಡು ಇನ್ನೊಂದರೊಳಗೆ ಹರಿಯುತ್ತದೆ, ನಡುವೆ ಅರ್ಧ ಸೆಕೆಂಡ್ ಕಡಿದರೂ ಕಿವಿಗೆ ಎಡವಿದ ಹಾಗಾಗುತ್ತದೆ. ಜಾಹೀರಾತು ಬರುವ ಉಚಿತ ಖಾತೆ ಇದ್ದರೆ, ಒಂದು ತಿಂಗಳ ಚಂದಾ ಕಟ್ಟಿಯಾದರೂ ಇದನ್ನು ತಡೆಯಿಲ್ಲದೆ ಕೇಳಿ. 'ಗ್ರೇಟ್ ಗಿಗ್' ಮುಗಿದ ಕೂಡಲೇ ಸಾಬೂನಿನ ಜಾಹೀರಾತು ಬಂದರೆ ಎಲ್ಲ ಹಾಳು.

ಸಿಡಿ ಪ್ಲೇಯರ್ ಇರುವವರು ಬಳಸಿದ ಹಳೆಯ ಸಿಡಿ ಹುಡುಕಿ. ಈ ಆಲ್ಬಂ ಜಗತ್ತಿನಾದ್ಯಂತ ಕೋಟಿಗಟ್ಟಲೆ ಮಾರಾಟವಾಗಿದೆ, ಹಾಗಾಗಿ ಹಳೆಯ ಪ್ರತಿಗಳಿಗೆ ಬರ ಇಲ್ಲ. 2003ರ ಎಸ್‌ಎಸಿಡಿ (ಮಾಮೂಲಿಗಿಂತ ಹೆಚ್ಚು ಗುಣಮಟ್ಟದ ಸಿಡಿ) ಕಣ್ಣಿಗೆ ಬಿದ್ದರೆ ಬಿಡಬೇಡಿ, ಮಾಮೂಲಿ ಪ್ಲೇಯರ್‌ನಲ್ಲೂ ಅದು ನಡೆಯುತ್ತದೆ. ಅದಕ್ಕೆ ತಕ್ಕ ಪ್ಲೇಯರೂ ಐದು ಸ್ಪೀಕರೂ ಇದ್ದರೆ ಎಂಜಿನಿಯರ್ ಜೇಮ್ಸ್ ಗತ್ರೀ ಮಾಡಿದ, ಸುತ್ತಲಿನಿಂದ ಸದ್ದು ಬರುವ ಸರೌಂಡ್ ಮಿಕ್ಸ್ ಕೂಡ ಸಿಗುತ್ತದೆ. ಗಡಿಯಾರಗಳೆಲ್ಲ ಒಟ್ಟಿಗೆ ಹೊಡೆದುಕೊಳ್ಳುವಾಗ ನೀವು ಗಡಿಯಾರದ ಅಂಗಡಿಯ ಮಧ್ಯೆ ನಿಂತಂತೆ ಇರುತ್ತದೆ. ಪಾರ್ಸನ್ಸ್ ಆ ಸದ್ದುಗಳನ್ನು ಹಿಡಿದು ತಂದದ್ದೂ ಹಳೆ ಗಡಿಯಾರಗಳ ಅಂಗಡಿಯಿಂದಲೇ.

ಎಲ್‌ಪಿ ಕೊಳ್ಳುವವರಿಗೆ ಲೆಕ್ಕ ಬೇರೆ. ಹೊರಗಿನಿಂದ ಬರುವ ಒಂದು ಎಲ್‌ಪಿಗೆ ಕೆಲವು ಸಾವಿರ ರೂಪಾಯಿ ಆಗುತ್ತದೆ, ಆದ್ದರಿಂದ ವರ್ಷಕ್ಕೆ ಒಂದೋ ಎರಡೋ ಕೊಳ್ಳುವವರು ಅಳೆದು ಸುರಿದು ಕೊಳ್ಳಬೇಕಾಗುತ್ತದೆ. ಮೊದಲನೆಯದು ಮೂಲ ಆಲ್ಬಂ. ಇದನ್ನು ಎರಡು ಮುಖಕ್ಕೆಂದೇ ಕಟ್ಟಿದ್ದಾರೆ. 'ಗ್ರೇಟ್ ಗಿಗ್' ಮುಗಿದ ಮೇಲೆ ಎದ್ದು ತಿರುಗಿಸಿ ಹಾಕುವಷ್ಟು ಹೊತ್ತಿನ ಮೌನ ಬೇಕು, ಅದು ಎಲ್‌ಪಿಯಲ್ಲಿ ಮಾತ್ರ ಸಿಗುತ್ತದೆ. ಎರಡನೆಯದು ಬೇಕಾದರೆ ವೆಂಬ್ಲಿ 1974. ಪಲ್ಸ್ ಎಲ್‌ಪಿ ನಾಲ್ಕು ತಟ್ಟೆಯ ದೊಡ್ಡ ಸೆಟ್, ಬೆಲೆಯೂ ಹಾಗೇ. ಅದನ್ನು ಸಿಡಿಯಲ್ಲೋ ವಿಡಿಯೋದಲ್ಲೋ ಇಟ್ಟುಕೊಳ್ಳುವುದು ಜಾಣತನ. 50ನೇ ವರ್ಷದ ದೊಡ್ಡ ಪೆಟ್ಟಿಗೆ ಚೆಂದವಾಗಿದೆ, ಪುಸ್ತಕವೂ ಇದೆ, ಸುತ್ತಲಿನಿಂದಲೂ ಮೇಲಿನಿಂದಲೂ ಸದ್ದು ಬರುವ ಆಟ್ಮೋಸ್ ಮಿಕ್ಸ್ ಕೂಡ ಇದೆ. ಆಟ್ಮೋಸ್‌ಗೆ ತಕ್ಕ ವ್ಯವಸ್ಥೆ ಮನೆಯಲ್ಲಿ ಇಲ್ಲದಿದ್ದರೆ ಆ ದುಡ್ಡಿನಲ್ಲಿ ಒಂದು ಒಳ್ಳೆಯ ಹೆಡ್‌ಫೋನ್ ತಗೊಳ್ಳಿ. ಈ ಆಲ್ಬಂಗೆ ಅದಕ್ಕಿಂತ ದೊಡ್ಡ ಉಪಕಾರ ಇನ್ನೊಂದಿಲ್ಲ.

ರಿಡಕ್ಸ್ ಎಲ್‌ಪಿ ಕೊಳ್ಳಲಾ ಅಂತ ಕೇಳುವವರಿಗೆ ನನ್ನ ಉತ್ತರ ಬೇಡ ಅಂತಲೇ. ಈಗಾಗಲೇ ಕೊಂಡಾಗಿದೆ ಅನ್ನುವವರು ಬೇಜಾರು ಮಾಡಿಕೊಳ್ಳಬೇಡಿ. ಅದನ್ನು ಮೂಲದ ಹಿಂದೆಯೇ ಹಾಕಬೇಡಿ, ಒಂದೆರಡು ವಾರ ಬಿಡುವು ಕೊಡಿ. ಆಮೇಲೆ ಒಂದು ರಾತ್ರಿ ನೇರವಾಗಿ 'ಬ್ರೈನ್ ಡ್ಯಾಮೇಜ್' ಮೇಲೆ ಮುಳ್ಳು ಇಳಿಸಿ, ಅಲ್ಲಿಂದ ಕೊನೆಯವರೆಗೆ ಕೇಳಿ. ನಾನು ಅದನ್ನು ಈಗಲೂ ಕೇಳುವುದು ಅಷ್ಟನ್ನೇ.